ಗುಬ್ಬಿ ಅತ್ತೆಯ ಬೇಲಿ ಆಟ

ಮೊನ್ನೆ ಸಂಜೆ ಮೊಬೈಲಿನಲ್ಲಿ ಯಾರ ಜೊತೆಯೋ ಚೆಸ್ ಆಡುತ್ತಾ ಕೂತಿದ್ದ ಮೊಮ್ಮಗಳು ಇದ್ದಕ್ಕಿದ್ದಂತೆ "ಥೂ, ಇವ್ನೂ ಲಂಡನ್ ಸಿಸ್ಟಮ್ಮೇ!" ಎಂದು ಫೋನನ್ನು ದಿಂಬಿನ ಮೇಲೆ ಬಿಸಾಕಿದಳು. ವಿಚಾರಿಸಿದರೆ, ಅದು ಆಟ ಶುರುಮಾಡುವ ಒಂದು ಕ್ರಮವಂತೆ. ಎದುರಿನವರು ಏನೇ ಆಡಲಿ, ತಮ್ಮ ಪಾಡಿಗೆ ತಾವು ಅದೇ ಕಾಯಿಗಳನ್ನು ಅದೇ ಮನೆಗಳಲ್ಲಿ ಇಟ್ಟುಕೊಂಡು ಕೂರುತ್ತಾರಂತೆ. "ಅಂಥವರ ಎದುರು ಆಡೋಕೆ ಮೈ ಉರಿಯುತ್ತೆ ತಾತ" ಎಂದಳು. ನನಗೆ ನಗು ತಡೆಯಲಾಗಲಿಲ್ಲ. "ಲಂಡನ್ನಿಗೇ ಹಿಂಗಾಡ್ತೀಯಲ್ಲೇ, ನೀನು ಗುಬ್ಬಿ ನೋಡಿಲ್ಲ" ಎಂದೆ.

ನೀವೂ ನೋಡಿರಲಾರಿರಿ. ಹೇಳುತ್ತೇನೆ, ಕೇಳಿ.

ಎಪ್ಪತ್ತರ ದಶಕದ ಕೊನೆ. ನಾನು ತುಮಕೂರಿನಲ್ಲಿ ಗುಮಾಸ್ತ, ಹೊಸದಾಗಿ ಮದುವೆಯಾದವನು, ಜೊತೆಗೆ ಭಾರಿ ಚೆಸ್ ಆಟಗಾರ. ಈ ಕೊನೆಯದನ್ನು ನಾನೇ ಹೇಳಿಕೊಳ್ಳಬೇಕು, ಬೇರೆ ಯಾರೂ ಹೇಳುತ್ತಿರಲಿಲ್ಲ. ಲೈಬ್ರರಿಯಿಂದ ತಂದ ಪುಸ್ತಕವೊಂದನ್ನು ಬಾಯಿಪಾಠ ಮಾಡಿದ್ದೆ. ಎದುರಾಳಿ ಹೀಗೆ ಆಡಿದರೆ ನಾನು ಹಾಗೆ, ಹಾಗೆ ಆಡಿದರೆ ಹೀಗೆ. ಊಟದ ಬಿಡುವಿನಲ್ಲಿ ಆಫೀಸಿನವರನ್ನು ಸೋಲಿಸಿ, ಇಲ್ಲದ ಮೀಸೆ ತಿರುವುತ್ತಿದ್ದೆ.

ಮೊದಲ ದೀಪಾವಳಿಗೆ ಅತ್ತೆಮನೆಗೆ, ಅಂದರೆ ಗುಬ್ಬಿಗೆ ಹೊರಟಾಗ ಬಸ್ಸಿನಲ್ಲಿ ನನ್ನ ಹೆಂಡತಿ ವನಜ ಮೆಲ್ಲಗೆ ವಿಷಯ ತೆಗೆದಳು.

"ನಮ್ಮಮ್ಮಂಗೆ ಚದುರಂಗ ಅಂದ್ರೆ ಪ್ರಾಣ ಕಣ್ರೀ. ಆದ್ರೆ ಈಗ ಊರಲ್ಲಿ ಯಾರೂ ಅವರ ಜೊತೆ ಆಡಲ್ಲ. ಅಪ್ಪನೂ ಬಿಟ್ಬುಟ್ರು."

"ಯಾಕೆ, ಮೋಸ ಮಾಡ್ತಾರಾ?"

"ಅಯ್ಯೋ, ಮೋಸ ಮಾಡಿದ್ರೆ ಹೆಂಗೋ ಆಡ್ತಿದ್ರು. ನೀವಾದ್ರೂ ಆಡಿ. ಸೋತ್ರೆ ಮಾತ್ರ ಮುಖ ಊದಿಸ್ಕೊಂಡು ಎದ್ದೋಗ್ಬೇಡಿ. ನಿಮ್ಮನ್ನ ಬಿಟ್ರೆ ಅವರಿಗೆ ಇನ್ಯಾರೂ ಇಲ್ಲ."

ಸೋಲುವುದೇ? ನಾನೇ? ಕಿಟಕಿಯಾಚೆ ನೋಡುತ್ತಾ ದೊಡ್ಡ ಮನಸ್ಸು ಮಾಡಿ ನಕ್ಕೆ.

ಆ ಮನೆಯಲ್ಲಿ ಅತ್ತೆ ಅಳಿಯನ ಎದುರಿಗೆ ಕೂರುವುದಾಗಲಿ, ನೇರವಾಗಿ ಮಾತಾಡುವುದಾಗಲಿ ಇರಲಿಲ್ಲ. ಎಣ್ಣೆನೀರು, ಹೋಳಿಗೆ, ಹೊಸ ಪಂಚೆ, ಎಲ್ಲ ಉಪಚಾರವೂ ಬಾಗಿಲ ಹಿಂದಿನಿಂದಲೇ ನಡೆಯಿತು. ಹಾಗಾದರೆ ಚದುರಂಗ ಹೇಗೆ? ಅದಕ್ಕೂ ಉಪಾಯ ಹುಡುಕಿದ್ದರು. ಒಂದು ಮಣೆ ನಡುಮನೆಯಲ್ಲಿ ನನ್ನ ಮುಂದೆ, ಇನ್ನೊಂದು ಅಡುಗೆಮನೆಯಲ್ಲಿ ಅತ್ತೆಯ ಮುಂದೆ. ವನಜ ನನ್ನ ನಡೆಯನ್ನು ಒಳಗೆ ಹೇಳಿ, ಅಮ್ಮನ ನಡೆಯನ್ನು ಹೊರಗೆ ತರುತ್ತಿದ್ದಳು. ಎರಡೂ ಮಣೆಗಳಲ್ಲಿ ಒಂದೇ ಆಟ.

ನಾನು ಪುಸ್ತಕದ ಪ್ರಕಾರ ರಾಜನ ಮುಂದಿನ ಸಿಪಾಯಿಯನ್ನು ಎರಡು ಮನೆ ನಡೆಸಿದೆ. ಒಳಗಿನಿಂದ ಉತ್ತರ ಬಂತು: ಮೂಲೆ ಸಿಪಾಯಿ, ಒಂದು ಮನೆ. ನಾನು ಕುದುರೆ ತಂದೆ. ಆ ಕಡೆಯ ಮೂಲೆ ಸಿಪಾಯಿ, ಒಂದು ಮನೆ. ಒಂಟೆ ತಂದೆ. ಇನ್ನೊಂದು ಸಿಪಾಯಿ, ಅದೂ ಒಂದೇ ಮನೆ. ಎದುರಾಳಿ ಹೀಗೆ ಆಡಿದರೆ ಏನು ಮಾಡಬೇಕೆಂದು ಪುಸ್ತಕದಲ್ಲಿತ್ತು. ಏನೂ ಆಡದಿದ್ದರೆ ಏನು ಮಾಡಬೇಕೆಂದು ಇರಲಿಲ್ಲ. ಅತ್ತೆ ಮೂರನೇ ಸಾಲು ದಾಟದೆ ಸಿಪಾಯಿಗಳ ಬೇಲಿ ಹಾಕಿ, ಅದರ ಹಿಂದೆ ಕುದುರೆ, ಒಂಟೆಗಳನ್ನು ಕಟ್ಟಿ, ಸಾರಿಗೆ ಒಗ್ಗರಣೆ ಹಾಕಲು ಎದ್ದುಹೋದರು. ನನಗೋ ಹೊಡೆಯಲು ಏನೂ ಸಿಗದು, ಸುಮ್ಮನೆ ಕೂರಲೂ ಆಗದು.

"ಇದಕ್ಕೇ ಕಣಪ್ಪಾ ನಾನು ಬಿಟ್ಟಿದ್ದು" ಎಂದರು ಮಾವ, ಪೇಪರಿನ ಮರೆಯಿಂದ.

ನನಗೆ ಸಿಟ್ಟು ನೆತ್ತಿಗೇರಿತು. ಮಂತ್ರಿಯನ್ನು ಬೇಲಿಯ ಹತ್ತಿರಕ್ಕೇ ನುಗ್ಗಿಸಿದೆ. ವನಜ ಒಳಗೆ ಹೋಗಿ ಬಂದಳು, ಒಮ್ಮೆ ನನ್ನ ಮುಖ ನೋಡಿದಳು. "ರಾಜನ ಕಾವಲಿಗಿರೋ ಕುದುರೆ ಹಿಂದಕ್ಕೆ" ಎಂದಳು. ಅರೆ! ಕಾವಲೇ ಹೋಯಿತಲ್ಲ! ನನ್ನ ಮಂತ್ರಿ ರಾಜನ ಪಕ್ಕದ ಸಿಪಾಯಿಯನ್ನು ತಿಂದು ಅಲ್ಲೇ ಕೂತಿತು. "ರಾಜನ ಪಕ್ಕದ ಸಿಪಾಯಿ ತಿಂದೆ, ಚೆಕ್‌ಮೇಟ್!" ಎಂದು ಬೀದಿಗೆ ಕೇಳಿಸುವಂತೆ ಕೂಗಿದೆ.

"ಎಲ್ಲೇ ಮೇಟು?" ಒಳಗಿನಿಂದ ಅತ್ತೆಯ ದನಿ. "ಅಲ್ಲಿಗೆ ಬಂದ್ರೆ ನನ್ನ ಕುದುರೆ ಮಂತ್ರಿನ ತಿನ್ನುತ್ತಲ್ಲೇ!"

ಮರುಗಳಿಗೆಯಲ್ಲೇ ಅತ್ತೆ ಮಣೆಯನ್ನು ಕಾಯಿ ಸಮೇತ ಎರಡೂ ಕೈಯಲ್ಲಿ ಹಿಡಿದು, ಹೊಸಿಲು ದಾಟಿ ನಡುಮನೆಗೆ ಬಂದೇಬಿಟ್ಟರು. ನನ್ನ ಮಣೆಯ ಪಕ್ಕದಲ್ಲಿ ಇಟ್ಟರು. ಅವರ ಮಣೆಯಲ್ಲಿ ಕುದುರೆ ಇದ್ದಲ್ಲೇ ಇತ್ತು. ಅವರು ನಡೆಸಿದ್ದು ಒಂಟೆಯನ್ನು.

"ಓಡಾಟದಲ್ಲಿ ತಪ್ಪು ಹೇಳ್ಬುಟ್ಟೆ ಕಣಮ್ಮ" ಎಂದಳು ವನಜ. ಅತ್ತೆ ಮಗಳನ್ನೊಮ್ಮೆ ದಿಟ್ಟಿಸಿದರು.

"ಏನೇ ಇದು, ಅಳಿಯಂದಿರ ಮುಂದೆ!" ಎಂದರು ಮಾವ.

"ನೀವು ಪೇಪರ್ ಓದ್ಕೊಳ್ಳಿ" ಎಂದು ಸೆರಗು ಸರಿಮಾಡಿಕೊಂಡು ಅತ್ತೆ ನನ್ನೆದುರಿಗೇ ಕೂತರು. ಅವರು ನೇರವಾಗಿ ನನ್ನೊಡನೆ ಆಡಿದ ಮೊದಲ ಮಾತು ಇದು: "ಅಳಿಯಂದ್ರೇ, ಇದು ನೀವು ಗೆದ್ದ ಆಟ ಅಲ್ಲ. ಬೇಜಾರಾದ್ರೆ ಎದ್ದೋಗಿ. ಇಲ್ಲಾಂದ್ರೆ ಆಡಿ."

ದನಿ ಗಟ್ಟಿಯಾಗಿತ್ತು. ಎಷ್ಟೋ ದಿನಕ್ಕೆ ಜೊತೆಗೊಬ್ಬ ಸಿಕ್ಕಿದ್ದ. ಸುಳ್ಳು ಗೆಲುವೊಂದನ್ನು ಒಪ್ಪಿಕೊಂಡಿದ್ದರೆ ಅವನನ್ನು ಉಳಿಸಿಕೊಳ್ಳಬಹುದಿತ್ತು. ಹಾಗೆ ಉಳಿಸಿಕೊಳ್ಳುವುದು ಅವರಿಗೆ ಬೇಕಿರಲಿಲ್ಲ. ಎಂಥ ಹೆಂಗಸಪ್ಪಾ ಅನ್ನಿಸಿಬಿಟ್ಟಿತು. ನನ್ನ ಮಂತ್ರಿಯನ್ನು ಅವರ ಕುದುರೆಗೆ ಒಪ್ಪಿಸಿ, ಆಡಿ, ಚೆನ್ನಾಗಿಯೇ ಸೋತೆ. "ಇನ್ನೊಂದಾಟ?" ಎಂದು ಕೇಳಿದೆ. ಅತ್ತೆಯ ಮುಖ ಆಗ ಅರಳಿದ್ದನ್ನು ನೀವು ನೋಡಬೇಕಿತ್ತು.

ಮುಂದೆ ಕುಣಿಗಲ್‌ಗೆ ವರ್ಗವಾದರೂ ರಜೆ ಸಿಕ್ಕಾಗಲೆಲ್ಲ ಗುಬ್ಬಿಗೆ ಓಡುತ್ತಿದ್ದೆ. ಬೇಲಿ ಕಟ್ಟುವುದು ಹೇಡಿಗಳ ಆಟ ಎಂದುಕೊಂಡಿದ್ದವನಿಗೆ ಅತ್ತೆ ಒಮ್ಮೆ ಹೇಳಿದ್ದರು: "ನುಗ್ಗೋರು ಬೇಕಾದಷ್ಟು ಜನ ಅವ್ರೆ. ಕಾಯೋಕೆ ಎದೆ ಬೇಕು." ಆ ಎದೆ ನನಗೆ ಬರಲಿಲ್ಲ, ಆದರೆ ಅವರಿಗೆ ಕೊನೆಯವರೆಗೂ ಜೊತೆ ತಪ್ಪಲಿಲ್ಲ.

ಇಷ್ಟನ್ನೂ ಕೇಳಿಸಿಕೊಂಡ ಮೊಮ್ಮಗಳು ಹುಬ್ಬು ಗಂಟಿಕ್ಕಿದಳು. "ತಾತ, ಅಷ್ಟೊಂದು ಕಾಯಿ ಇದ್ವಲ್ಲ. ತಪ್ಪು ಹೇಳೋಕೆ ಅಜ್ಜಿಗೆ ಕರೆಕ್ಟಾಗಿ ಆ ಕುದುರೆನೇ ಸಿಗ್ತಾ?"

ಇಷ್ಟು ವರ್ಷ ನನಗಿದು ಹೊಳೆದೇ ಇರಲಿಲ್ಲ ನೋಡಿ. ವನಜ ಅಲ್ಲೇ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು.

"ಏನೇ, ನಿನಗೆ ಆಟ ಬರ್ತಿತ್ತಾ?"

"ಮತ್ತೆ ಮದ್ವೆಗೆ ಮುಂಚೆ ಅಮ್ಮನ ಜೊತೆ ಯಾರು ಆಡ್ತಿದ್ರು ಅನ್ಕೊಂಡ್ರಿ?" ಎಂದಳು, ತಲೆಯೆತ್ತದೆ. "ನಾನು ನಿಮ್ಮನೆಗೆ ಬಂದ್ಬುಟ್ಟೆ. ನೀವು ಮೊದಲ್ನೇ ಆಟಕ್ಕೇ ಸೋತು ಮುನಿಸ್ಕೊಂಡಿದ್ರೆ ಅಮ್ಮ ಒಂಟಿಯಾಗೋಗೋರು."

"ಹಂಗಿದ್ರೆ ನನ್ನ ಜೊತೆ ಯಾಕೆ ಆಡಲಿಲ್ಲ?"

"ಅಲ್ಲೂ ಸೋತು ಬರ್ತಿದ್ರಿ. ಮನೇಲೂ ಯಾಕೆ, ಪಾಪ ಅಂತ."

ಈಗ ದಿನಾ ಸಂಜೆ ನಾವಿಬ್ಬರೂ ಆಡುತ್ತೇವೆ. ಸೋಲುವುದಕ್ಕೆ ಗುಬ್ಬಿಯವರೆಗೆ ಹೋಗಬೇಕಾಗಿಲ್ಲ.