ಮನೆ ನೋಡಲು ಹೋದ ಸೋದರತ್ತೆ

“ಮೊದ್ಲು ಮನೆ ನೋಡ್ತೀನಿ, ಕಾಫಿ ಆಮೇಲೆ ಕಣವ್ವ,” ಎಂದು ನನ್ನ ಸೋದರತ್ತೆ ಲೋಟವನ್ನು ಪಕ್ಕಕ್ಕೆ ಸರಿಸಿಬಿಟ್ಟರು. ಕೆ.ಆರ್. ನಗರದ ಹತ್ತಿರದ ಆ ವೃದ್ಧಾಶ್ರಮವನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ಪೆಚ್ಚಾದಳು. ನನಗೆ ಮಾತ್ರ ಅರ್ಥವಾಯಿತು. ನಮ್ಮ ಹನಗೋಡಿನ ಕಡೆ ಹೆಣ್ಣು ಕೊಡುವ ಮೊದಲು ಗಂಡಿನ ಮನೆ ನೋಡಲು ಹೋದವರು, ಒಪ್ಪುವ ತನಕ ಅಲ್ಲಿ ಏನನ್ನೂ ಬಾಯಿಗಿಡುವುದಿಲ್ಲ.

ಮಕ್ಕಳಿಲ್ಲದ ಅತ್ತೆ ಮಂಡಿನೋವಿನಲ್ಲೇ, ಮುಂದೆ ತಾವು ಬಂದು ಇರಬೇಕೆಂದಿದ್ದ ಆ ಆಶ್ರಮದ ಅಡುಗೆಮನೆ, ಬಚ್ಚಲು ಎಲ್ಲ ಸುತ್ತಿದರು. ಹಾಸಿಗೆ ಹಿಡಿದಿದ್ದ ಅಜ್ಜಿಯೊಬ್ಬರನ್ನು ಮಾತಾಡಿಸುತ್ತಾ ಅವರ ಬೆನ್ನು ಸವರಿ, ಹುಣ್ಣಾಗಿಲ್ಲ ಎಂದು ಖಾತ್ರಿ ಮಾಡಿಕೊಂಡರು. ಆಮೇಲೆ ಬಂದು ಕೂತು ಕಾಫಿ ಕೇಳಿ ಕುಡಿದರು.

ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಸಪ್ಪೆ ಮುಖ ನೋಡಿ, “ನನ್ ಮದ್ವೇಲಿ ಮನೆ ನೋಡಿದ್ದು ನಮ್ಮಪ್ಪ ಕಣ್ಲಾ. ಇದ್ನ ನಾನೇ ನೋಡ್ದೆ,” ಎಂದು ನಕ್ಕರು. ಅವರು ಅಲ್ಲಿಗೆ ಸೇರಿದ ಮೇಲೂ, ಅತ್ತೆಯನ್ನು ಆಶ್ರಮಕ್ಕೆ ಬಿಟ್ಟೆವು ಎಂಬ ಮಾತನ್ನು ನಾನು ಯಾರ ಮುಂದೆಯೂ ಆಡಿಲ್ಲ; ಅತ್ತೆ ತಾವೇ ಮನೆ ನೋಡಿ ಒಪ್ಪಿ ಹೋದರು ಎನ್ನುತ್ತೇನೆ.