ಹೂವಿಗೆ ಚೀಲ ಕಟ್ಟಿದ ದರ್ಜಿ

ಬೆಳೆಗಾಲ ಮುಗಿಯಲು ಎರಡೇ ತಿಂಗಳಿರುವಾಗ ದರ್ಜಿಯಮ್ಮ ಕುಂಬಳದ ಬೀಜ ಊರಿದಳು. ನೀರಿನ ಟ್ಯಾಂಕಿನ ಹಿಂದಿನ ಆ ಬಾಡಿಗೆ ಪಾತಿಗಳಲ್ಲಿ ಉಳಿದವರೆಲ್ಲ ಬಳ್ಳಿ ಕೀಳಲು ಸಜ್ಜಾಗಿದ್ದರು. ತಡಮಾಡುವುದು ಅವಳ ಚಟವಲ್ಲ. ಅಕ್ಕ ಸೊಂಟ ಮುರಿದುಕೊಂಡು ಮಲಗಿದ್ದಳು. ಮೂರನೇ ಮಹಡಿಯ ಒಂದೇ ಕೋಣೆಯಲ್ಲಿ ಅಕ್ಕನ ಮಂಚಕ್ಕೂ ನರ್ಸುಗಳ ಯೂನಿಫಾರ್ಮ್ ಹೊಲಿಯುವ ಮಿಷನ್ನಿಗೂ ನಡುವೆ ಓಡಾಡುವುದರಲ್ಲೇ ಬಿತ್ತನೆಯ ಹೊತ್ತು ಕಳೆದುಹೋಗಿತ್ತು.

ಪಾತಿಗಳನ್ನು ಬಾಡಿಗೆಗೆ ಕೊಡುವ ಸಮಿತಿಯ ಕಾನೂನು ಹೀಗಿದೆ: ತಪಾಸಣೆಯ ದಿನ ಪಾತಿಯಲ್ಲಿ ಕಾಯಿ ಕಾಣಬೇಕು. ಬರೀ ಎಲೆ ಕಂಡರೆ ಪಾತಿ ಕೈಬಿಟ್ಟಿತು. ಪಾಳು ಬಿದ್ದಿದೆ ಎಂದು ಮೊದಲು ಅರ್ಜಿ ಬರೆದವರ ಪಾಲಾಯಿತು. ನೆರೆಯವರ ಕಷ್ಟದ ಮೇಲೆ ಕಣ್ಣಿಟ್ಟವನಿಗೆ ಬಹುಮಾನ ಕೊಡುವ ಈ ಕಾನೂನನ್ನು ಬರೆದ ಪುಣ್ಯಾತ್ಮರು ಒಂದು ದಿನವೂ ಗುದ್ದಲಿ ಹಿಡಿದವರಲ್ಲ. ಎಂಟು ವರ್ಷ ಸಿಪ್ಪೆ, ತರಗೆಲೆ ಹೊತ್ತು ತಂದು ಅವಳು ಹದ ಮಾಡಿದ ಮಣ್ಣಿಗೆ ಕೈಯಿಟ್ಟರೆ ಮಣಿಕಟ್ಟಿನವರೆಗೆ ಇಳಿಯುತ್ತಿತ್ತು. ಅದರ ಮೇಲೆ ಯಾರ ಕಣ್ಣಿಲ್ಲ?

ಅವಳ ಅನುಮಾನವೆಲ್ಲ ಪಕ್ಕದ ಪಾತಿಯ ಗಡಿಯಾರದಜ್ಜನ ಮೇಲೆ. ಬದುಕಿಡೀ ಭೂತಗನ್ನಡಿ ಸಿಕ್ಕಿಸಿಕೊಂಡು ಗಡಿಯಾರ ರಿಪೇರಿ ಮಾಡಿದವನು, ಈಗಲೂ ಎಲ್ಲವನ್ನೂ ಒಂದು ಕಣ್ಣು ಕಿರಿದು ಮಾಡಿಯೇ ನೋಡುತ್ತಿದ್ದ. ಅವಳಿಗೆ ಅಷ್ಟೇ ಸಾಕಾಗಿತ್ತು.

ಹೂ ಬಿಟ್ಟವು. ಒಂದು ಬೆಳಿಗ್ಗೆ ಎರಡು ಹೂ ನೆಲದಲ್ಲಿ ಬಿದ್ದಿದ್ದವು. ಅಂದೇ ಅವಳು ಯೂನಿಫಾರ್ಮಿನ ಚೂರು ಬಟ್ಟೆಯಲ್ಲಿ ದಾರ ಎಳೆಯುವ ಪುಟ್ಟ ಚೀಲಗಳನ್ನು ಹೊಲಿದು, ಬುಡದಲ್ಲಿ ಹೀಚಿದ್ದ ಮೊಗ್ಗಿಗೆಲ್ಲ ಕಟ್ಟಿದಳು. ಹೀಚಿಲ್ಲದವು ದಂಡಪಿಂಡಗಳೆಂದು ಚಿವುಟಿ ಎಸೆದಳು. ವಾರದೊಳಗೆ ಚೀಲದೊಳಗಿನ ಹೀಚುಗಳು ಹಳದಿ ತಿರುಗಿ ಒಂದೊಂದಾಗಿ ಉದುರಿದವು.

ಸಾರ್ವಜನಿಕ ನಲ್ಲಿಯ ಹತ್ತಿರ ಎಲ್ಲರಿಗೂ ಕೇಳುವಂತೆ ಅಂದಳು: "ಯಾರೋ ನನ್ನ ಬಳ್ಳಿಗೆ ಏನೋ ಸುರೀತಿದಾರೆ. ಕುಂಬಳಕಾಯಿ ಕಳ್ಳ ಅಂದ್ರೆ ಯಾರು ಹೆಗಲು ಮುಟ್ಕೋತಾರೋ ನೋಡ್ಬೇಕು."

ಅಜ್ಜ ಬಕೆಟ್ಟಿನಿಂದ ತಲೆಯೆತ್ತಲಿಲ್ಲ. "ಮುಟ್ಕೊಳ್ಳೋಣ ಅಂದ್ರೆ ಕಾಯೇ ಇಲ್ವಲ್ಲಮ್ಮ. ಹೂವಿಗೆ ಚಡ್ಡಿ ಹೊಲಿದು ಹಾಕಿದೀಯ, ಗಂಡುಹೂ ಕಿತ್ತು ಬಿಸಾಕಿದೀಯ. ದುಂಬಿ ಎಲ್ಲಿಂದ ಏನು ತಂದು ಕೊಡಬೇಕು?"

ಸಂಜೆ ಅದನ್ನು ಕೇಳಿದ ಅಕ್ಕ ಸೊಂಟ ಹಿಡಿದುಕೊಂಡು ನಕ್ಕಳು. "ಅಳಿಯನ್ನ ಆಚೆ ನಿಲ್ಲಿಸಿ ಮೊಮ್ಮಗು ಕೇಳಿದ ಹಾಗಾಯ್ತಲ್ಲೇ."

ಮರುದಿನ ಚೀಲಗಳನ್ನು ಬಿಚ್ಚಿದರೆ ಉಳಿದದ್ದು ಒಂದೇ ಹೆಣ್ಣುಹೂ, ಆಗಷ್ಟೇ ಅರಳಿತ್ತು. ತಪಾಸಣೆಗೆ ಎಂಟು ದಿನ. ಅಜ್ಜ ತನ್ನ ಒಣಗುತ್ತಿದ್ದ ಕುಂಬಳದ ಬಳ್ಳಿಯ ತುದಿಯಲ್ಲಿ ಉಳಿದಿದ್ದ ಗಂಡುಹೂ ಕಿತ್ತು ಬದುವಿನಾಚೆಯಿಂದ ಚಾಚಿದ.

"ಇದಕ್ಕೇನು ಹಚ್ಚಿದೀರಿ?"

"ದೇವರು ಹಚ್ಚಿದ್ದು. ಬೇಕಾದ್ರೆ ಮೂಸಿ ನೋಡು."

ಅವಳು ನಿಜವಾಗಿಯೂ ಮೂಸಿದಳು. ಅವನನ್ನು ಬದು ದಾಟಗೊಡದೆ, ಅವನು ಹೇಳಿದಂತೆ ಎಸಳು ಬಿಡಿಸಿ, ಪುಡಿ ತುಂಬಿದ ನಡುದಂಡನ್ನು ಹೆಣ್ಣುಹೂವಿನೊಳಗೆ ಆಡಿಸಿದಳು.

"ಮೆತ್ತಗೆ. ಮಿಷನ್ನಿನ ಗಾಲಿ ಅಲ್ಲ ಅದು."

ತಪಾಸಣೆಗೆ ಬಂದ ಗುಮಾಸ್ತ ಬೂಟಿನ ತುದಿಯಲ್ಲಿ ಎಲೆ ಸರಿಸಿದ. ಕೆಳಗೆ ಮುಷ್ಟಿಯಷ್ಟು ಗಾತ್ರದ್ದೊಂದು ಕೂತಿತ್ತು.

"ಇದು ಕಾಯಾ?"

"ಮತ್ತೇನು, ಕಲ್ಲಾ? ಕಾಲು ತೆಗೀರಿ."

ಅವನು ಗುರುತು ಹಾಕಿ ಮುಂದೆ ಹೋದ. ಪಾತಿ ಇನ್ನೊಂದು ವರ್ಷಕ್ಕೆ ಅವಳದಾಗಿ ಉಳಿಯಿತು.

ಅಜ್ಜನ ಬಳಿಗೆ ಒಳ್ಳೆಯ ಮಾತಾಡಲೆಂದೇ ಹೋದಳು. ಬಾಯಿಂದ ಬಂದದ್ದು ಬೇರೆ: "ನನ್ನ ಪಾತಿ ಮೇಲೆ ಅರ್ಜಿ ಬರೆದಿದ್ರಾ?"

"ಬರೆದಿದ್ದೆ," ಅಂದ ಅಜ್ಜ. "ಆರು ವಾರ ನಿನ್ನ ಸುಳಿವಿರಲಿಲ್ಲ. ಜೇಬಲ್ಲಿಟ್ಕೊಂಡು ಕಚೇರಿಗೆ ಹೊರಟಿದ್ದೆ. ನೀನಿಲ್ಲಿ ಬಗ್ಗಿ ಬೀಜ ಊರ್ತಿದ್ದೆ. ಈ ಹೊತ್ತಲ್ಲಿ ಕುಂಬಳ ಹಾಕೋಳಿಗೆ ಬೇರೆ ಗತಿ ಇಲ್ಲ ಅನ್ನಿಸ್ತು. ತಿರುಗಿ ಹೋದೆ."

ಅವಳಿಗೆ ಸಿಟ್ಟು ಬರಲಿಲ್ಲ. ತಾನು ಹುಚ್ಚಿಯಲ್ಲ ಎಂದು ಸಮಾಧಾನವೇ ಆಯಿತು. ಅಂದಿನಿಂದ ಅವನನ್ನು ನಂಬಿದಳು ಎಂದು ಬರೆದರೆ ಮಾತ್ರ ಸುಳ್ಳಾಗುತ್ತದೆ.

"ಕಾಗದ ಏನಾಯ್ತು?"

"ಒಲೆಗೆ ಹಾಕ್ದೆ."

"ಹಾಗಾದ್ರೆ ಬೂದಿ ಕೊಡಿ, ಮಣ್ಣಿಗಾಗುತ್ತೆ."

ಮರುದಿನ ಅವನು ಒಂದು ಡಬ್ಬಿ ಬೂದಿ ತಂದು ಬದುವಿನ ಮೇಲಿಟ್ಟ. ಪಾತಿಗೆ ಸುರಿಯುವ ಮೊದಲು ಅವಳು ಅದರೊಳಗೆಲ್ಲ ಬೆರಳಾಡಿಸಿ ನೋಡಿದಳು.