ಮೀನಿಗೆ ಬಣ್ಣ ಬರಿಸುವ ಮಾವ

ನಮ್ಮ ಬೀದಿಯ ಬಣ್ಣದ ಮಾವ ಹೊಟ್ಟೆಪಾಡಿಗೆ ಮೀನು ಸಾಕುವ ಕಂಪನಿಯಲ್ಲಿದ್ದಾರೆ, ಜೀವವಿರುವುದು ಮಾತ್ರ ಚಿತ್ರ ಬರೆಯುವುದರಲ್ಲಿ. ಕಡಲಲ್ಲಿ ನಸುಗೆಂಪಾಗಿರುವ ಆ ಮೀನಿನ ಮಾಂಸ ತೊಟ್ಟಿಯಲ್ಲಿ ಬೆಳೆದರೆ ಬೂದಿಬಣ್ಣವಂತೆ. ಕೊಳ್ಳುವವರಿಗೆ ನಸುಗೆಂಪೇ ಬೇಕು, ಅದಕ್ಕೇ ಮೇವಿಗೆ ಬಣ್ಣದ ಪುಡಿ ಬೆರೆಸುತ್ತಾರೆ. ಕೊಯ್ದ ಮೀನಿನ ಪಕ್ಕ ತೆಳುಗೆಂಪಿನಿಂದ ಕಡುಗೆಂಪಿನವರೆಗಿನ ಬಣ್ಣದ ಪಟ್ಟಿ ಹಿಡಿದು ಹೋಲಿಸಿ, “ಸಾಲ್ದು, ಇನ್ನೊಂದು ಹಿಡಿ ಹಾಕ್ರಪ್ಪ” ಎನ್ನುವುದು ಮಾವನ ಕೆಲಸ. ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ಆ ಪಟ್ಟಿ ಸದಾ ಜೇಬಿನಲ್ಲೇ. ಅಂಗಡಿಯ ಟೊಮೆಟೊಗೆ ಹಿಡಿಯುತ್ತಾರೆ. ಮುಳುಗುವ ಸೂರ್ಯನಿಗೂ ಹಿಡಿದು, “ಇವನಿಗೆ ಪುಡಿ ಜಾಸ್ತಿಯಾಯ್ತು” ಎನ್ನುತ್ತಾರೆ. ಮದುವೆಮನೆಯಲ್ಲಿ ಹೆಣ್ಣಿನ ಕೆನ್ನೆಗೆ ಹಿಡಿದು ಬೈಸಿಕೊಂಡದ್ದೂ ಉಂಟು. ಅವರ ಹೆಂಡತಿ, ನಮಗೆಲ್ಲ ಅತ್ತೆ, ಕಾಯಿಲೆ ಬಿದ್ದರು. ಇನ್ನು ಮದ್ದಿಲ್ಲವೆಂದು ಆಸ್ಪತ್ರೆಯವರು ಮನೆಗೆ ಕಳಿಸಿದ ದಿನ, ಮಾವನ ಕೈ ತನ್ನಷ್ಟಕ್ಕೆ ಜೇಬಿಗೆ ಹೋಗಿ ಆ ಬಿಳಿಚಿದ ಮುಖದ ಪಕ್ಕ ಪಟ್ಟಿ ಬಿಚ್ಚಿತು. “ಏನ್ರೀ, ನನ್ನ ಗಂಜಿಗೂ ಪುಡಿ ಹಾಕಿಸ್ತೀರಾ?” ಎಂದು ಅತ್ತೆ ನಕ್ಕರು. “ಅದೆಲ್ಲ ಬೇಡ. ನಾನು ಹೋಗೋದ್ರೊಳಗೆ ನನ್ನದೊಂದು ಚಿತ್ರ ಬರೀರಿ. ಕೆನ್ನೆ ಮಾತ್ರ ಮೊದಲಿನ ಹಾಗಿರ್ಲಿ.” ಅಂದಿನಿಂದ ಮಾವ ದಿನಾ ಕೆಂಪು ಕಲಸುತ್ತಾರೆ, ಚಿತ್ರದ ಕೆನ್ನೆಗೆ ಹಚ್ಚುತ್ತಾರೆ, ಪಟ್ಟಿ ಹಿಡಿದು ನೋಡಿ ಒರೆಸಿಬಿಡುತ್ತಾರೆ. “ಏನು ಕಲಸಿದ್ರೂ ಮೀನಿನ ಕೆಂಪೇ ಬರುತ್ತೆ ಕಣಯ್ಯಾ,” ಎಂದರು ನನಗೆ. “ಅವಳದು ಹೇಗಿತ್ತು ಅನ್ನೋದೇ ಕಣ್ಣಿಗೆ ಮರೆತುಹೋಗಿದೆ.” ಒಳಕೋಣೆಯಿಂದ ಅತ್ತೆ ದಿನಾ ಕೇಳುತ್ತಾರೆ, “ಆಯ್ತೇನ್ರೀ?” ಆ ದನಿ ದಿನದಿನಕ್ಕೆ ತೆಳ್ಳಗಾಗುತ್ತಿದೆ, ಒರೆಸಿ ಒರೆಸಿ ಚಿತ್ರದ ಕೆನ್ನೆಯೂ ಬೂದಿಬಣ್ಣಕ್ಕೆ ತಿರುಗಿದೆ. “ಇನ್ನೊಂಚೂರು ಇದೆ ಕಣೇ” ಎನ್ನುತ್ತಾ ಮಾವ ಮತ್ತೆ ಕೆಂಪು ಕಲಸುತ್ತಾರೆ.